ಅರವತ್ತೆಂಟನೇ ಕಾರ್ಡು

ನನಗೆ ಕೋಪ ಜಾಸ್ತಿ ಎನ್ನುವುದು ಕೊಳ್ಳೇಗಾಲದಿಂದ ಹನೂರಿನ ಮೇಲೆ ಕೌದಳ್ಳಿಯವರೆಗೆ ಎಲ್ಲರಿಗೂ ಗೊತ್ತು. ಹದಿನಾಲ್ಕು ವರ್ಷದಿಂದ ಅದೇ ರೂಟಿನ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದೇನೆ. ಫುಟ್‌ಬೋರ್ಡಿನಲ್ಲಿ ನೇತಾಡುವವರನ್ನು, ಹತ್ತು ರೂಪಾಯಿ ಟಿಕೆಟ್ಟಿಗೆ ಐನೂರರ ನೋಟು ಚಾಚುವವರನ್ನು, ಆಧಾರ್ ಕಾರ್ಡು ಕೇಳಿದರೆ "ದಿನಾ ನೋಡ್ತೀಯಲ್ಲವ್ವ, ನನ್ ಮೊಕ ಮರ್ತೋಯ್ತಾ?" ಎನ್ನುವ ಹೆಂಗಸರನ್ನು ಬೈದು ಬೈದು ನನ್ನ ಗಂಟಲು ಒರಟಾಗಿದೆ. ಆದರೆ ಆ ಕೋಪವೆಲ್ಲ ಮುಂದಿನ ಸ್ಟಾಪಿನಲ್ಲಿ ಇಳಿದುಹೋಗುತ್ತದೆ. ನನ್ನ ಅಣ್ಣ ನಾಗರಾಜುವಿನ ಮೇಲಿನದು ಮಾತ್ರ ಇಳಿದಿಲ್ಲ. ಅದಕ್ಕೆ ಇಪ್ಪತ್ತೆಂಟು ವರ್ಷ ವಯಸ್ಸು.

ನನ್ನ ತವರು ಯಳಂದೂರು ತಾಲ್ಲೂಕಿನ ಅಗರ. ನಾನು ಏಳನೇ ಕ್ಲಾಸಿನಲ್ಲಿದ್ದಾಗ ನಮ್ಮೂರ ದೊಡ್ಡಮಾದಪ್ಪನ ಪೆಟ್ಟಿಗೆ ಅಂಗಡಿಗೆ ಒಂದು ಹೊಸ ಬಬಲ್ ಗಮ್ ಬಂತು. ಒಂದು ರೂಪಾಯಿಯ ಗಮ್ಮು, ಅದರ ಜೊತೆ ಪುಕ್ಕಟೆ ಒಂದು ಕ್ರಿಕೆಟ್ ಕಾರ್ಡು. ಮುಂದೆ ಆಟಗಾರನ ಬಣ್ಣದ ಫೋಟೊ, ಹಿಂದೆ ಅವನ ರನ್ನು, ವಿಕೆಟ್ಟು, ಹುಟ್ಟಿದ ಊರು, ಮೂಲೆಯಲ್ಲಿ ಒಂದು ನಂಬರು. ಒಟ್ಟು ತೊಂಬತ್ತು ಕಾರ್ಡುಗಳು. ಊರಿನ ಗಂಡುಹುಡುಗರೆಲ್ಲ ಹುಚ್ಚು ಹಿಡಿದವರಂತೆ ಅವನ್ನು ಕೂಡಿಸತೊಡಗಿದರು. ಹೆಣ್ಣುಮಕ್ಕಳಲ್ಲಿ ನಾನೊಬ್ಬಳೇ.

ರಜೆಯ ದಿನಗಳಲ್ಲಿ ನಾನು ಅವ್ವನ ಜೊತೆ ಕಳೆ ಕೀಳಲು ಹೋಗುತ್ತಿದ್ದೆ. ನನ್ನದು ಅರ್ಧ ಆಳಿನ ಕೂಲಿ. ಅದರಲ್ಲಿ ಅವ್ವ ಒಂದು ರೂಪಾಯಿಯನ್ನು ನನ್ನ ಕೈಗಿಟ್ಟು, "ಅಣ್ಣಂಗೆ ಏಳ್ಬೇಡ" ಎನ್ನುತ್ತಿದ್ದಳು. ಗಮ್ಮನ್ನು ಯಾವ ಮಗುವಿಗಾದರೂ ಕೊಟ್ಟು ಕಾರ್ಡು ಇಟ್ಟುಕೊಳ್ಳುತ್ತಿದ್ದೆ. ನಮ್ಮ ಮನೆಯಲ್ಲಿ ಟಿವಿ ಇರಲಿಲ್ಲ. ಬಾರ್ಬಡೋಸ್ ಎಂಬ ಜಾಗ ಭೂಮಿಯ ಮೇಲಿದೆ ಎಂದು ನನಗೆ ತಿಳಿಸಿದ್ದು ಆ ಕಾರ್ಡು, ಮೇಷ್ಟ್ರಲ್ಲ. ಯಾರ ಸರಾಸರಿ ಎಷ್ಟು, ಯಾರು ಎಡಗೈ, ಯಾರು ಬಲಗೈ, ಎಲ್ಲವೂ ಬಾಯಿಪಾಠವಾಗಿತ್ತು. ಕಳೆ ಕೀಳುವಾಗ ಬಗ್ಗಿ ಬಗ್ಗಿ ಸೊಂಟ ನೊಂದರೆ ಒಂದರಿಂದ ತೊಂಬತ್ತರವರೆಗೆ ಹೆಸರುಗಳನ್ನು ಹೇಳಿಕೊಳ್ಳುತ್ತಿದ್ದೆ. ಸಾಲು ಮುಗಿದದ್ದೇ ಗೊತ್ತಾಗುತ್ತಿರಲಿಲ್ಲ.

ನಾಗರಾಜು ನನಗಿಂತ ಐದು ವರ್ಷಕ್ಕೆ ದೊಡ್ಡವನು. ನಾನು ಸ್ಕೂಲಿಗೆ ಹೋದಾಗ ನನ್ನ ಕಾರ್ಡುಗಳನ್ನು ಕದ್ದು ಯಳಂದೂರಿನ ಹುಡುಗರಿಗೆ ಮಾರಿ ಬೀಡಿ ಸೇದುತ್ತಿದ್ದ. ಕೇಳಿದರೆ, "ಅದು ನಿಂದೇ ಅಂತ ಏನು ಗುರ್ತು?" ಎನ್ನುತ್ತಿದ್ದ. ಸರಿ, ಗುರುತು ತಾನೆ ಬೇಕು? ಆವತ್ತಿನಿಂದ ಪ್ರತಿ ಕಾರ್ಡಿನ ಹಿಂದೆ ಬಾಲ್‌ಪೆನ್ನಿನಲ್ಲಿ ಒತ್ತಿ ಬರೆಯಲು ಶುರುಮಾಡಿದೆ: ರತ್ನ, 7ನೇ ಬಿ, ಅಗರ. ಹೆಸರಿರುವ ಕಾರ್ಡನ್ನು ಯಾವ ಹುಡುಗನೂ ಕೊಳ್ಳುತ್ತಿರಲಿಲ್ಲ. ಅಣ್ಣನ ವ್ಯಾಪಾರ ಮಕಾಡೆ ಮಲಗಿತು.

ಅದರ ಸೇಡನ್ನು ಅವನು ಒಂದು ಸಂಜೆ ತೀರಿಸಿಕೊಂಡ. ಆವತ್ತು ನನಗೆ ಅರವತ್ತೆಂಟನೇ ಕಾರ್ಡು ಸಿಕ್ಕಿತ್ತು. ಸುತ್ತ ಏಳು ಊರಿನಲ್ಲಿ ಯಾರಿಗೂ ಸಿಗದ ಕಾರ್ಡು. ಆ ಆಟಗಾರನ ಹೆಸರು ಹೇಳುವುದಿಲ್ಲ, ಹೇಳಿದರೆ ನೀವೂ ಮೊಬೈಲ್ ತೆಗೆದು ರೇಟು ನೋಡುತ್ತೀರಿ. ಹೊರದೇಶದ ವೇಗದ ಬೌಲರ್ ಎಂದರೆ ಸಾಕು. ಬಿಸಿಲಿಗೆಂದು ಮೂಗು, ಕೆನ್ನೆ, ತುಟಿಯ ಮೇಲೆಲ್ಲ ಬೆಳ್ಳಗೆ ಕ್ರೀಮು ಬಳಿದುಕೊಂಡು ಎದುರಿಗೇ ಓಡಿಬರುತ್ತಿದ್ದ. ಹೆಸರು ಬರೆಯೋಣವೆಂದರೆ ಪೆನ್ನಿನಲ್ಲಿ ಇಂಕು ಮುಗಿದಿತ್ತು. ಮಿಕ್ಕ ಕಾರ್ಡುಗಳ ಮೇಲೆ ಇಟ್ಟು, ಪಕ್ಕದ ಮನೆಗೆ ಪೆನ್ನು ಕೇಳಲು ಹೋದೆ. ಬರುವಷ್ಟರಲ್ಲಿ ಅಣ್ಣ ನೀರೊಲೆಯ ಮುಂದೆ ಕುಕ್ಕರುಗಾಲಿನಲ್ಲಿ ಕೂತು ಕಾರ್ಡುಗಳನ್ನು ಒಂದೊಂದಾಗಿ ಬೆಂಕಿಗೆ ಹಾಕುತ್ತಿದ್ದ. "ಎಣ್ ಮುಂಡೇದ್ಕೆ ಕಿರ್ಕೆಟ್ ಯಾಕ್ಲಾ?" ಎಂದು ಯಾರನ್ನೋ ಕೇಳುವವನಂತೆ ಒಲೆಯನ್ನು ಕೇಳುತ್ತಿದ್ದ. ನಾನು ಅವನ ಕೈ ಕಚ್ಚಿದೆ. ಅವನು ನನ್ನ ಕೆನ್ನೆಗೆ ಬಾರಿಸಿದ. ಅಪ್ಪ ಶಿವಯ್ಯ ಬಂದು ಇಬ್ಬರಿಗೂ ಬಾರಿಸಿದ. ಕೂಡಿಸಿ ನೋಡಿದರೆ ಹನ್ನೆರಡು ಕಾರ್ಡು ಇರಲಿಲ್ಲ. ಅರವತ್ತೆಂಟೂ ಇರಲಿಲ್ಲ. ಬೂದಿ ಕೆದಕಿ ನೋಡಿ ಅತ್ತೆ.

ಅದೇ ದಿನ ಮಿಕ್ಕಿದ್ದನ್ನೆಲ್ಲ ಒಂದು ತಗಡಿನ ಟ್ರಂಕಿಗೆ ಹಾಕಿ ಬೀಗ ಜಡಿದೆ.

ಸುಟ್ಟವುಗಳನ್ನೂ ಆವರೆಗೆ ಸಿಗದೇ ಇದ್ದವನ್ನೂ ನಾನು ಬಿಟ್ಟುಕೊಡಲಿಲ್ಲ. ಬಸ್ಸಿನ ಕೆಲಸ ಸಿಕ್ಕ ಮೇಲೆ ಒಂದೊಂದಾಗಿ ಕೂಡಿಸಿದೆ. ನಲವತ್ತೊಂದನೆಯದು ತಮಿಳುನಾಡಿನ ಗಡಿಯ ಪಾಲಾರ್‌ನ ಟೀ ಅಂಗಡಿಯ ತಮಿಳಿನವನ ಹತ್ತಿರವಿತ್ತು. ನನ್ನಲ್ಲಿ ಎರಡಿದ್ದ ಹದಿನೇಳನ್ನು ಕೊಟ್ಟು ತಂದೆ. ಏಳನೆಯದನ್ನು ಹನೂರಿನ ಚನ್ನಬಸವ ಮೇಷ್ಟ್ರು ಒಂದು ವರ್ಷ ಸತಾಯಿಸಿ, ಕೊನೆಗೆ ರಿಟೈರಾದ ದಿನ ಬಸ್ಸಿಗೇ ತಂದುಕೊಟ್ಟರು. ದುಡ್ಡು ಕೊಟ್ಟು ಒಂದನ್ನೂ ಕೊಂಡಿಲ್ಲ, ತೆಗೆದುಕೊಂಡು ಮಾರಿಲ್ಲ. ಬಂದ ಪ್ರತಿಯೊಂದರ ಹಿಂದೆಯೂ ಅದೇ ಮೂರು ಮಾತು ಬರೆದೆ: ರತ್ನ, 7ನೇ ಬಿ, ಅಗರ. ನಲವತ್ತರ ಹೆಂಗಸು ಏಳನೇ ಬಿ ಎಂದು ಬರೆಯುವುದು ನಿಮಗೆ ನಗು ತರಿಸಬಹುದು. ನನ್ನ ಗಂಡ ಬಿಳಿಗಿರಿಯೂ ನಗುತ್ತಾನೆ. ನಕ್ಕು, ಆಲ್ಬಮ್ಮಿಗೆ ಹೊಸ ಪ್ಲಾಸ್ಟಿಕ್ ಹಾಳೆ ತಂದುಕೊಡುತ್ತಾನೆ. ಹಾಗೆ ಎಂಬತ್ತೊಂಬತ್ತು ಆದವು. ಅರವತ್ತೆಂಟನೆಯ ಜಾಗ ಮಾತ್ರ ಖಾಲಿ.

ಆರು ವರ್ಷದ ಹಿಂದೆ ಅಪ್ಪ ತೀರಿಕೊಂಡ. ತಿಂಗಳು ತುಂಬುವ ಮೊದಲೇ ಅಣ್ಣ ನನ್ನನ್ನು ರಿಜಿಸ್ಟ್ರಾರ್ ಆಫೀಸಿಗೆ ಕರೆಸಿದ. ಅಪ್ಪನ ಅರ್ಧ ಎಕರೆ ಗದ್ದೆ ಮತ್ತು ಮನೆಯಲ್ಲಿ ನನಗೆ ಪಾಲು ಬೇಡ ಎಂಬ ಹಕ್ಕು ಖುಲಾಸೆ ಪತ್ರ ಆಗಲೇ ಟೈಪಾಗಿತ್ತು. ನಮ್ಮ ಕಡೆ ಇದೇನು ಹೊಸದಲ್ಲ. ಹೆಣ್ಣುಮಗಳು ಬರುತ್ತಾಳೆ, ಸಹಿ ಹಾಕುತ್ತಾಳೆ, ಅರಿಶಿನ ಕುಂಕುಮದ ಜೊತೆ ಒಂದು ಸೀರೆ ಮಡಿಲಿಗೆ ಬೀಳುತ್ತದೆ, ಹೋಟೆಲಿನಲ್ಲಿ ದೋಸೆ ತಿಂದು ಬಸ್ಸು ಹತ್ತುತ್ತಾಳೆ. "ಮುಂದಕ್ಕೂ ತವ್ರು ಬೇಕು ತಾನೆ?" ಎಂದು ಹಿರಿಯರು ಒಂದು ಮಾತು ಹೇಳುತ್ತಾರೆ, ಅಷ್ಟೇ. ಅಣ್ಣ ತನ್ನ ಜೇಬಿನ ಪೆನ್ನು ಕೊಟ್ಟ. ನಾನು ಸಹಿ ಹಾಕಿದೆ. ಊರೆಲ್ಲರನ್ನೂ ಬೈಯುವ ನಾನು ಆವತ್ತು ಬಾಯಿ ಬಿಡಲಿಲ್ಲ. ಆ ಬಲಗೈಯನ್ನು ಇವತ್ತಿಗೂ ಬೈದುಕೊಳ್ಳುತ್ತೇನೆ.

ಒಂದನ್ನು ಮಾತ್ರ ಕೇಳಿದ್ದೆ. "ಅಟ್ಟದ್ ಮೇಲೆ ನನ್ ಟ್ರಂಕ್ ಅದೆ, ತಕಂಡೋಯ್ತೀನಿ."

ಅಣ್ಣ ಸಾಕ್ಷಿಗೆ ಬಂದವರ ಕಡೆ ತಿರುಗಿ ನಕ್ಕಿದ್ದ. "ಕಸ ತಾನೆ? ತಕಂಡೋಗು."

ಹೋದ ತಿಂಗಳು ಅವನ ಫೋನು ಬಂತು. ನಾನು ಡಿಪೋದಲ್ಲಿ ಲೆಕ್ಕ ಒಪ್ಪಿಸುತ್ತಿದ್ದೆ.

"ಅಮ್ಮಿ, ಉಂಡ್ಯಾ?" ಎಂದ.

ಆರು ವರ್ಷದಲ್ಲಿ ಉಂಡೆಯಾ ಸತ್ತೆಯಾ ಎಂದು ಕೇಳಿದವನಲ್ಲ. ನನ್ನ ಮೈ ಆಗಲೇ ಬಿಸಿಯಾಯಿತು. "ಏನಾಗ್ಬೇಕು ಏಳಣ್ಣ" ಎಂದೆ.

"ನಿನ್ ಕಾರ್ಡು ಒಂದು ಸಿಕ್ಬುಟ್ಟದೆ ಕಣಮ್ಮಿ. ಬಿಳೀ ಮೂಗ್ನವ್ನು. ಬಾನ್ವಾರ ಬಾ. ನಿನ್ ಪುಸ್ತಕಾನೂ ತಕಂಡು ಬಾ."

ಸುಟ್ಟದ್ದು ಸಿಗುವುದುಂಟೆ? ಆ ವಾರ ಪೂರ್ತಿ ನಾನು ಯಾರನ್ನೂ ಬೈಯಲಿಲ್ಲ. ಡ್ರೈವರ್ ಶಿವಕುಮಾರಸ್ವಾಮಿ, "ಮೈ ಉಷಾರಿಲ್ವಾ ಮೇಡಂ?" ಎಂದು ಎರಡು ಸಲ ಕೇಳಿದ.

ಭಾನುವಾರ ಅಗರಕ್ಕೆ ಹೋದೆ. ಪಡಸಾಲೆಯಲ್ಲಿ ಅಣ್ಣನ ಪಕ್ಕ ಮತ್ತೊಬ್ಬ ಕೂತಿದ್ದ. ಕೊಳ್ಳೇಗಾಲದಲ್ಲಿ ಮೊಬೈಲ್ ಅಂಗಡಿ ಇಟ್ಟಿರುವ ಮಹದೇವಪ್ರಸಾದ್. ಇಸ್ತ್ರಿ ಮಾಡಿದ ಅಂಗಿ, ಎರಡೂ ಕೈಗೆ ಬಿಳಿ ಗ್ಲೌಸು, ಆಪರೇಷನ್ನಿಗೆ ಬಂದ ಡಾಕ್ಟರ ಹಾಗೆ. ಅವನ ಮುಂದೆ ಸ್ಟೂಲಿನ ಮೇಲೆ ಗಟ್ಟಿ ಪ್ಲಾಸ್ಟಿಕ್ಕಿನ ಚಿಕ್ಕ ಡಬ್ಬಿ. ಅದರೊಳಗೆ ನನ್ನ ಬೌಲರ್ ಬಿಳಿ ಮೂಗು ಹೊತ್ತು ಓಡಿಬರುತ್ತಿದ್ದ. ಇಪ್ಪತ್ತೆಂಟು ವರ್ಷದಲ್ಲಿ ಒಂದು ಹೆಜ್ಜೆಯೂ ಮುಂದೆ ಬಂದಿರಲಿಲ್ಲ. ನನ್ನ ಕಣ್ಣು ತುಂಬಿತು. ಕೈ ಚಾಚಿದೆ.

"ಮುಟ್ಬೇಡಿ ಮೇಡಂ, ಬೆವರು ತಾಗುತ್ತೆ" ಎಂದ ಮಹದೇವಪ್ರಸಾದ್.

ಇದು ಎಲ್ಲಿತ್ತು ಎಂದು ಕೇಳಿದೆ. ಅತ್ತಿಗೆ ರಾಣಿ ಹೇಳಿದಳು. ಮನೆಗೆ ಸುಣ್ಣ ಹೊಡೆಸುವಾಗ ಗೂಡಿನಲ್ಲಿದ್ದ ನಮ್ಮ ಮನೆದೇವರು ಮಾದಪ್ಪನ ಫೋಟೊ ಅವಳ ಕೈಯಿಂದ ಜಾರಿತಂತೆ. ಫ್ರೇಮಿನ ಹಿಂದಿನ ಹಲಗೆ ಬಿಟ್ಟುಕೊಂಡು ಈ ಕಾರ್ಡು ಕೆಳಗೆ ಬಿತ್ತಂತೆ. ಅದನ್ನು ಅಲ್ಲಿಟ್ಟವಳು ಬಾಗಿಲ ಹತ್ತಿರ ಕಾಲು ಚಾಚಿ ಕೂತು ಅಡಕೆ ಕತ್ತರಿಸುತ್ತಿದ್ದಳು, ನನ್ನ ಅವ್ವ ಗೋವಿಂದಮ್ಮ.

"ಅವತ್ತು ಒಲೆ ಮುಂದೆ ಬಿದ್ದಿತ್ತು ಕಣವ್ವ" ಎಂದಳು ಅವ್ವ. "ಮೊಕ ತುಂಬ ಇಬೂತಿ ಬಳ್ಕಂಡು ಎದ್ದು ಬತ್ತಾವ್ನೆ. ಯಾರೋ ಮಾದಪ್ಪನ್ ಕಡೆ ದೊಡ್ಡೋರು ಅನ್ಕಂಡೆ. ಬೆಂಕಿಗ್ ಬಿದ್ರೆ ಮನೆಗ್ ಒಳ್ಳೇದಾದದಾ? ಎತ್ತಿ ಮಾದಪ್ಪನ್ ಬೆನ್ನಿಗೆ ಇಟ್ಬುಟ್ಟೆ."

"ನಾನು ಬೂದಿ ಕೆದಕ್ತಾ ಅಳ್ತಿದ್ದಾಗ ಏಳ್ಬಾರ್ದಿತ್ತಾ ಅವ್ವ?"

"ನೀನು ಆಟಗಾರ್ನ ಉಡುಕ್ತಿದ್ದೆ. ನಾನಿಟ್ಟಿದ್ದು ದೇವ್ರ."

ಇಪ್ಪತ್ತೆಂಟು ವರ್ಷ ಅವ್ವ ಪ್ರತಿ ಸೋಮವಾರ ಮಾದಪ್ಪನಿಗೂ ಈ ವೇಗದ ಬೌಲರಿಗೂ ಒಟ್ಟಿಗೆ ಧೂಪ ಹಾಕಿದ್ದಾಳೆ. ನನಗೆ ನಗು ಬಂತು. ಆವತ್ತು ಆ ಮನೆಯಲ್ಲಿ ನಕ್ಕಿದ್ದು ಅದೊಂದೇ ಸಲ.

ಮಹದೇವಪ್ರಸಾದ್ ನನ್ನ ಆಲ್ಬಮ್ ತೆಗೆದುಕೊಂಡು ಕಾರ್ಡುಗಳ ಹಿಂಬದಿ ನೋಡುತ್ತಾ ಹೋದ. ಮುಂಬದಿಯನ್ನು ಒಮ್ಮೆಯೂ ನೋಡಲಿಲ್ಲ. ನಾಲ್ಕು ಹಾಳೆ ತಿರುಗಿಸಿ ಮುಚ್ಚಿಬಿಟ್ಟ.

"ಎಲ್ಲಾದರ ಮೇಲೂ ಬರೆದಿದ್ದೀರಲ್ಲ ಮೇಡಂ! ವ್ಯಾಲ್ಯೂ ಪೂರ್ತಿ ಹೋಯ್ತು. ಇದು ತೂಕಕ್ಕೆ ಹಾಕೋ ಮಾಲು."

"ನೋಡ್ದ್ಯಾ? ಬರ್ದು ಬರ್ದು ಆಳ್ ಮಾಡ್ಬುಟ್ಳು" ಎಂದ ಅಣ್ಣ. ಯಾವ ಕಳ್ಳನಿಗಾಗಿ ಬರೆದೆ ಎನ್ನುವುದು ಅವನಿಗೆ ಮರೆತೇಹೋಗಿತ್ತು.

ಮಹದೇವಪ್ರಸಾದ್ ಪಾಠ ಶುರುಮಾಡಿದ. ಅರವತ್ತೆಂಟನ್ನು ಕಂಪನಿಯವರು ಬಹಳ ಕಡಿಮೆ ಅಚ್ಚು ಹಾಕಿದ್ದರಂತೆ. ಗೀಟಿಲ್ಲ, ಬರಹವಿಲ್ಲ, ಮೂಲೆ ಮಡಿಸಿಲ್ಲ. ಮುಂಬೈನಲ್ಲಿ ಒಬ್ಬ ಎಂಬತ್ತು ಸಾವಿರಕ್ಕೆ ಒಪ್ಪಿದ್ದಾನಂತೆ. ಆದರೆ ನಕಲಿ ಕಾರ್ಡುಗಳ ಕಾಟ ಜಾಸ್ತಿಯಾದ್ದರಿಂದ, ಗಮ್ಮು ಕೊಂಡು ಇದನ್ನು ಮೊದಲು ಪಡೆದವಳ ಕೈಬರಹದ ಪತ್ರ ಬೇಕು, ಕಾರ್ಡು ಹಿಡಿದ ಅವಳ ಫೋಟೊ ಬೇಕು. ಆ ಮೊದಲನೆಯವಳು ನಾನು. ಉಂಡೆಯಾ ಎಂದು ಕೇಳಿದ್ದು ಅದಕ್ಕೆ.

"ನಿಮ್ ಹತ್ರ ಎಷ್ಟು ಕಾರ್ಡ್ ಅವೆ ಸಾ?" ಎಂದು ಕೇಳಿದೆ.

"ಮುನ್ನೂರು ಚಿಲ್ಲರೆ. ಎಲ್ಲ ಲಾಕರ್‌ನಲ್ಲಿ. ಸೈಟಿಗಿಂತ ಒಳ್ಳೆ ಇನ್ವೆಸ್ಟ್‌ಮೆಂಟು."

"ತೆಗ್ದು ನೋಡ್ತೀರಾ?"

"ನೋಡೋಕೆ ಏನಿದೆ ಮೇಡಂ? ರೇಟು ಮೊಬೈಲಲ್ಲೇ ಬರುತ್ತೆ."

"ಇವ್ನು ಎಡಗೈ ಬೌಲರ್ರಾ, ಬಲಗೈಯ್ಯಾ?"

ಅವನು ಗ್ಲೌಸು ಕಳಚಿ ಮೊಬೈಲ್ ತೆಗೆದ. ಚೆಂಡು ಹಿಡಿದ ಕೈ ಫೋಟೊದಲ್ಲೇ ಕಾಣುತ್ತಿತ್ತು. ಕಣ್ಣೆದುರಿಗಿರುವುದನ್ನು ಬಿಟ್ಟು ಮೊಬೈಲಿನಲ್ಲಿ ಹುಡುಕುತ್ತಿದ್ದ ಅವನನ್ನು ನೋಡಿ ನನ್ನ ಪಿತ್ತ ನೆತ್ತಿಗೇರಿತು. ಇಂಥವನ ಕೈಗೆ ಕೊಡಲು ನಾನು ಕಳೆ ಕಿತ್ತೆನಾ?

"ಕಾರ್ಡ್ ನಂದು. ಕೊಡಿ, ಓಯ್ತೀನಿ" ಎಂದೆ.

ಅಣ್ಣ ಎದ್ದುಹೋಗಿ ಬೀರುವಿನಿಂದ ಒಂದು ಜೆರಾಕ್ಸ್ ತಂದು ನನ್ನ ಮುಂದೆ ಹಿಡಿದ. ಅದೇ ಖುಲಾಸೆ ಪತ್ರ. ಕೆಳಗೆ ನನ್ನ ಸಹಿ.

"ಓದ್ಕೋ. ಮನೆ, ಮನೆಯೊಳ್ಗೆ ಇರೋದು ಎಲ್ಲಾ ನಂಗೆ ಬುಟ್ಕೊಟ್ಟಿದ್ದೀಯ. ಟ್ರಂಕಲ್ಲಿದ್ದದ್ದು ನಿಂದು, ಬ್ಯಾಡ ಅಂದೋರು ಯಾರು? ಇದು ದೇವ್ರ ಗೂಡಲ್ಲಿ ಇತ್ತು. ಗೂಡು ಮನೇದು. ಮನೆ ನಂದು."

ನಾನು ಅವ್ವನ ಕಡೆ ನೋಡಿದೆ. ಅವ್ವ ಅಡಕೆ ಕತ್ತರಿಸುವುದನ್ನು ನಿಲ್ಲಿಸಿದ್ದಳು. ಏನೂ ಹೇಳಲಿಲ್ಲ. ಆರು ವರ್ಷದ ಹಿಂದೆಯೂ ಹೇಳಿರಲಿಲ್ಲ.

"ನಿಂಗೂ ಬರಿಗೈಲಿ ಕಳ್ಸಲ್ಲ ಕಣಮ್ಮಿ" ಎಂದು ಅಣ್ಣ ದನಿ ಇಳಿಸಿದ. "ಐದು ಸಾವ್ರ ಕೊಡ್ತೀನಿ. ಒಂದು ಸೀರೆ ತಂದಿವ್ನಿ. ರಾಣಿ, ತಟ್ಟೆ ತಕಂಬಾ."

ರಾಣಿ ತಟ್ಟೆ ತಂದಿಟ್ಟಳು. ಅರಿಶಿನ, ಕುಂಕುಮ, ಎಲೆ ಅಡಕೆ, ಮಡಿಸಿದ ಹಸಿರು ಸೀರೆ. ಸಹಿ ಹಾಕಿದ ದಿನ ಕೊಟ್ಟದ್ದೂ ಹಸಿರೇ. ಅದನ್ನು ನೋಡಿದ ಮೇಲೆ ನನ್ನೊಳಗೆ ಏನೋ ಒಂದು ತಣ್ಣಗಾಯಿತು. ನನ್ನ ನಿಜವಾದ ಕೋಪ ಹಾಗೆಯೇ, ಬಸ್ಸಿನವರು ನೋಡಿರುವುದು ಕೂಗಾಡುವ ಕೋಪ ಮಾತ್ರ.

"ಪತ್ರ ಬರೀತೀನಿ" ಎಂದೆ.

ಅಣ್ಣನ ಮುಖ ಅರಳಿತು. ಜೇಬಿನಿಂದ ಪೆನ್ನು ತೆಗೆದು ಚಾಚಿದ.

"ಬ್ಯಾಡ. ನನ್ ತಾವು ಪೆನ್ನದೆ."

ಬ್ಯಾಗಿನಿಂದ ಡ್ಯೂಟಿಯ ಬಾಲ್‌ಪೆನ್ನು ತೆಗೆದೆ. ಮಹದೇವಪ್ರಸಾದ್ ಹೇಳಿದಂತೆ ಹಾಳೆಯ ಮೇಲೆ ಬರೆದೆ: ಈ ಕಾರ್ಡನ್ನು ನಾನು, ಶಿವಯ್ಯನ ಮಗಳು ರತ್ನ, ಅಗರದ ದೊಡ್ಡಮಾದಪ್ಪನ ಅಂಗಡಿಯಲ್ಲಿ ನನ್ನ ಕೂಲಿಯ ಒಂದು ರೂಪಾಯಿಗೆ ಕೊಂಡ ಗಮ್ಮಿನಲ್ಲಿ ಪಡೆದೆ. "ಕೂಲಿ ಅಂತೆಲ್ಲ ಬೇಕಾಗಿಲ್ಲ ಮೇಡಂ" ಎಂದ ಅವನು. "ನಿಜ ತಾನೆ ಬರೀಬೇಕು?" ಎಂದೆ.

ಆಮೇಲೆ ಫೋಟೊ. ಪ್ಲಾಸ್ಟಿಕ್ಕಿನ ಮೇಲೆ ಬೆಳಕು ಹೊಳೆಯುತ್ತದೆ, ಮುಂಬೈಯವನು ಡಬ್ಬಿಯಿಂದ ಹೊರಗೆ ತೆಗೆದು ತೋರಿಸಲು ಹೇಳಿದ್ದಾನೆ ಎನ್ನುತ್ತಾ ಅವನೇ ಡಬ್ಬಿ ಬಿಚ್ಚಿದ. ತನ್ನ ಗ್ಲೌಸುಗಳನ್ನು ನನಗೆ ತೊಡಿಸಿ, ಡಬ್ಬಿ ವಾಲಿಸಿ ಕಾರ್ಡನ್ನು ನನ್ನ ಅಂಗೈ ಮೇಲೆ ಜಾರಿಸಿ, ಮೊಬೈಲ್ ಹಿಡಿದು ಬೆಳಕಿಗಾಗಿ ನಾಲ್ಕು ಹೆಜ್ಜೆ ಹಿಂದೆ ಸರಿದ. ಅಣ್ಣ ಅವನ ಭುಜದ ಮೇಲಿಂದ ಸ್ಕ್ರೀನು ನೋಡುತ್ತಾ ನಿಂತ.

ಬಲಗೈಯ ಗ್ಲೌಸನ್ನು ಹಲ್ಲಿನಿಂದ ಕಚ್ಚಿ ಎಳೆದೆ. ಕಾರ್ಡು ತಿರುಗಿಸಿದೆ. ಇಪ್ಪತ್ತೆಂಟು ವರ್ಷ ಧೂಪ ಹಾಕಿಸಿಕೊಂಡ ಹಿಂಬದಿ ಹೊಸದರಂತೆ ಬೆಳ್ಳಗಿತ್ತು. ಸ್ಟೂಲಿನ ಮೇಲಿಟ್ಟು, ಅದುಮಿ ಹಿಡಿದು, ಮುಂಬದಿಗೂ ಉಬ್ಬುವಷ್ಟು ಒತ್ತಿ ಬರೆದೆ.

ರತ್ನ, 7ನೇ ಬಿ, ಅಗರ.

"ಅಯ್ಯಯ್ಯೋ ಮೇಡಂ! ಮೇಡಂ!" ಮಹದೇವಪ್ರಸಾದ್ ಹಾರಿ ಬರುವಷ್ಟರಲ್ಲಿ ಅಗರದ ಕೆಳಗೆ ಒಂದು ಗೀಟೂ ಎಳೆದಾಗಿತ್ತು.

ಅಣ್ಣನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆದ ಮೇಲೆ ಕೈ ಎತ್ತಿದ. "ಎಂಬತ್ ಸಾವ್ರ ಕಣೇ ಮುಂಡೇದೇ!"

ನಾನು ಎದ್ದು ನಿಂತೆ. "ಒಡಿ" ಎಂದೆ. "ಅವತ್ ಒಡ್ದಾಗ ನಂಗೆ ಅನ್ನೆರ್ಡು ವರ್ಷ. ಇವತ್ ಒಡೀ ನೋಡಾನ." ಬಸ್ಸಿನ ಕೊನೆಯ ಸೀಟಿಗೆ ಮುಟ್ಟುವ ಗಂಟಲಿನಲ್ಲೇ ಹೇಳಿದೆ. ಎದುರು ಮನೆಯ ಚನ್ನಾಜಮ್ಮ ಹೊರಗೆ ಬಂದು ಇಣುಕಿದಳು. ಅಣ್ಣನ ಕೈ ಹಾಗೇ ಮೇಲೆ ಇದ್ದು, ತಲೆ ಕೆರೆದುಕೊಳ್ಳುವುದಕ್ಕೆಂದೇ ಎತ್ತಿದ್ದವನಂತೆ ತಲೆ ಕೆರೆದುಕೊಂಡಿತು.

ಮಹದೇವಪ್ರಸಾದ್ ಕಾರ್ಡನ್ನು ಬೆಳಕಿಗೆ ಹಿಡಿದು, ತಿರುಗಿಸಿ, ಉಬ್ಬಿದ ಅಕ್ಷರಗಳ ಮೇಲೆ ಬೆರಳಾಡಿಸಿದ. ಈಗ ಅವನಿಗೆ ಬೆವರಿನ ಚಿಂತೆ ಇರಲಿಲ್ಲ. ಸ್ಟೂಲಿನ ಮೇಲೆ ಅದನ್ನು ಎಸೆದು, ಎರಡೂ ಗ್ಲೌಸು ವಾಪಸು ಪಡೆದು ಜೇಬಿಗೆ ತುರುಕಿಕೊಂಡ. "ಕಸ ಮಾಡಿಬಿಟ್ರಿ" ಎಂದು ಹೇಳಿ ಚಪ್ಪಲಿ ಮೆಟ್ಟಿ, ಅಣ್ಣ ಕರೆದರೂ ತಿರುಗಿ ನೋಡದೆ ಬೈಕು ಹತ್ತಿದ.

ನಾನು ಅಣ್ಣನ ಕಡೆ ತಿರುಗಿದೆ.

"ಕಸ ತಾನೆ?" ಎಂದೆ. "ತಕಂಡೋಗ್ಲಾ?"

ಅವನಿಗೆ ಆ ಮಾತು ನೆನಪಿತ್ತು. ಮುಖ ನೋಡಿದರೆ ಗೊತ್ತಾಗುತ್ತಿತ್ತು.

ಅವ್ವ ಗೋಡೆ ಹಿಡಿದು ಎದ್ದು ಬಂದಳು. ಕಾರ್ಡನ್ನು ಎತ್ತಿಕೊಂಡು ಬಿಳಿ ಮೂಗಿನವನ ಮುಖವನ್ನು ಸೆರಗಿನಿಂದ ಒರೆಸಿದಳು. "ಇಂದ್ಗಡೆ ಬರ್ದ್ರೆ ಏನಾಯ್ತು, ಮೊಕ ಅಂಗೇ ಅದೆಯಲ್ಲ" ಎಂದು ಕಣ್ಣಿಗೊತ್ತಿಕೊಂಡಳು. ಆಮೇಲೆ ಮಗನ ಕಡೆ ನೋಡದೆ ಅದನ್ನು ನನ್ನ ಕೈಗಿಟ್ಟಳು. ಆ ಮನೆಯಲ್ಲಿ ಅವ್ವ ತಾನಾಗಿ ನನಗೆ ಕೊಟ್ಟದ್ದು ಆ ಕಳೆ ಕೂಲಿಯ ರೂಪಾಯಿ ಬಿಟ್ಟರೆ ಇದೊಂದೇ. ಅಣ್ಣನಿಗೆ ಹೇಳಬೇಡ ಎಂದು ಈ ಸಲ ಅನ್ನಲಿಲ್ಲ.

ತಟ್ಟೆಯಿಂದ ಕುಂಕುಮ ಮಾತ್ರ ಇಟ್ಟುಕೊಂಡೆ. ಸೀರೆಯನ್ನು ರಾಣಿಯ ಕೈಗೆ ಕೊಟ್ಟೆ. ಅವಳಿಗೂ ಒಂದು ತವರಿದೆ, ಅಲ್ಲಿಯೂ ಒಂದು ದಿನ ಸಹಿ ಹಾಕಿ ಬಂದಿದ್ದಾಳೆ. ಸೀರೆ ತೆಗೆದುಕೊಳ್ಳುವಾಗ ಅವಳು ನನ್ನ ಬೆರಳುಗಳನ್ನು ಒಂದು ಗಳಿಗೆ ಹೆಚ್ಚಿಗೆ ಹಿಡಿದುಕೊಂಡಳು.

ಯಳಂದೂರಿನ ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತು ಆಲ್ಬಮ್ ತೆರೆದೆ. ಖಾಲಿಯಿದ್ದ ಜಾಗಕ್ಕೆ ಅರವತ್ತೆಂಟನ್ನು ತೂರಿಸಿದೆ. ತೊಂಬತ್ತೂ ಆದವು. ಸಂತೋಷವಾಯಿತಾ ಎಂದರೆ ಆಯಿತು. ಕೋಪ ಇಳಿಯಿತಾ ಎಂದು ಮಾತ್ರ ಕೇಳಬೇಡಿ. ಬಸ್ಸಿನಲ್ಲಿ ಕಿಟಕಿಯ ಪಕ್ಕವೇ ಸೀಟು ಸಿಕ್ಕಿತು, ದಾರಿಯುದ್ದಕ್ಕೂ ಗದ್ದೆಗಳಲ್ಲಿ ಹೆಂಗಸರು ಬಗ್ಗಿ ಕಳೆ ಕೀಳುತ್ತಿದ್ದರು. ಅಪ್ಪನ ಆ ಅರ್ಧ ಎಕರೆಯಲ್ಲಿ ನಾನು ಎಷ್ಟು ಸಾಲು ಕಿತ್ತಿದ್ದೇನೆಂದು ನನಗೆ ಲೆಕ್ಕವಿಲ್ಲ. ಅದರ ಮೇಲೆ ಎಲ್ಲಿಯೂ ನನ್ನ ಹೆಸರು ಬರೆದಿಲ್ಲ.